ಎಂಬತ್ತು ನಮೋ ಮರಿಯ

ಆರೆಯಾಲ್ವಾ
ಫೆಬ್ರವರಿ 23, 1756

ತಮ್ಮ ಸಿಲ್ವೇರಿಯೊ,

ಕೊಟ್ಟ ಮಾತುಗಳನ್ನು ಮೊದಲು ಬರೆಯುತ್ತೇನೆ. ಭೂಮಿ ನಡುಗಿ, ಸಮುದ್ರ ನಮ್ಮೂರನ್ನು ನುಂಗಿದ ಮೇಲೆ, ಮನೆ ಕಟ್ಟಲು ಹಲಗೆ ಕಳಿಸುತ್ತೇವೆ ಎಂದರು. ಸತ್ತವರೆಲ್ಲರ ಹೆಸರನ್ನೂ ಪೂಜೆಯಲ್ಲಿ ಕೂಗಿ ಓದುತ್ತೇವೆ ಎಂದರು ಪಾದ್ರಿಗಳು. ದೊರೆಯ ಕಡೆಯಿಂದ ಪ್ರಶ್ನೆಗಳ ಹಾಳೆ ಬರುತ್ತದೆ, ಕಣ್ಣಾರೆ ಕಂಡವರನ್ನು ಕರೆದು ಕೇಳಿ ಉತ್ತರ ಬರೆಯುತ್ತೇವೆ ಎಂದರು. ಅಮ್ಮ ಸತ್ತ ಬಗೆಯನ್ನು ನಾನು ನಿನಗೆ ತಿಳಿಸಿದಾಗ, 'ಇದು ನನ್ನ ಎದೆಯಲ್ಲೇ ಇರುತ್ತದೆ ಅಕ್ಕ' ಎಂದು ನೀನು ಮರುಪತ್ರ ಬರೆದೆ.

ಇಲ್ಲ ಎಂದದ್ದು ಇಷ್ಟು. ಹಲಗೆ ಇಲ್ಲ, ಚರ್ಚಿಗೆ ಬೇಕಂತೆ. ಮರಳಿಗೆ ಇಳಿದು ಸತ್ತ ಮೂವತ್ತೊಂದು ಜನರ ಹೆಸರು ಪೂಜೆಯಲ್ಲಿ ಇಲ್ಲ, ಅವರು ಆಸೆಬುರುಕರಂತೆ. ಪ್ರಶ್ನೆಗಳ ಹಾಳೆ ಬಂದಿದೆ, ನಮ್ಮನ್ನು ಕೇಳುವುದಿಲ್ಲ, ಉಪ್ಪುಮೀನಿನ ಹೆಂಗಸರ ಮಾತು ದೊರೆಗೆ ಬೇಡವಂತೆ. ನಿನ್ನ ಎದೆಯಲ್ಲಿದ್ದದ್ದು ಈಗ ಅಚ್ಚಾಗಿದೆ.

ಹೌದು, ಆ ಕಿರುಪುಸ್ತಕ ಇಲ್ಲಿಗೂ ಬಂತು. ಲಿಸ್ಬನ್ನಿನಲ್ಲಿ ನಿನ್ನ ಮಠದ ಗುರು ಫ್ರೇ ಅನ್ಸೆಲ್ಮೊ ಮಾಡುವ ಪ್ರವಚನ, ಬರೆದುಕೊಳ್ಳುವವನು ನೀನು. ಹೋದ ಭಾನುವಾರ ನಮ್ಮ ಪಾದ್ರಿ ತೆಯೊತೋನಿಯೊ ಬಿದ್ದ ಚರ್ಚಿನ ಅಂಗಳದಲ್ಲಿ ಪೀಪಾಯಿಯ ಮೇಲೆ ನಿಂತು ಅದನ್ನು ಓದಿದರು. 'ದಕ್ಷಿಣದ ಕಡಲೂರೊಂದರಲ್ಲಿ ಒಬ್ಬ ಮುದುಕಿ ಪೂಜೆ ಬಿಟ್ಟು, ಪಟ್ಟೆ ಚೀಲ ಹಿಡಿದು, ಮೀನಿನಾಸೆಗೆ ಓಡಿದಳು. ದೇವರು ಅವಳ ಚೀಲಕ್ಕೆ ಉಪ್ಪುನೀರು ತುಂಬಿದನು.' ಮೀನಿಗೆ ಉಪ್ಪು ಹಾಕುವ ಉಪ್ಪಿನಂಗಳದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ಪಟ್ಟೆ ಚೀಲ ಯಾರದೆಂದು ಊರಿಗೆಲ್ಲ ಗೊತ್ತು.

ನೀನು ಮರೆತಿದ್ದರೆ ಇನ್ನೊಮ್ಮೆ ಬರೆಯುತ್ತೇನೆ. ನವೆಂಬರ್ ಒಂದರ ಸಕಲ ಸಂತರ ಹಬ್ಬದ ಬೆಳಗ್ಗೆ ಬಾಗಿಲಿಗೆ ಬಂದು ದೇವರ ಹೆಸರಿನ ರೊಟ್ಟಿ ಕೇಳಿದವರಿಗೆ ನಮ್ಮಲ್ಲಿ ಯಾರೂ ಇಲ್ಲ ಅನ್ನುವುದಿಲ್ಲ. ಈ ಸಲವೂ ಊರಿನ ಅರ್ಧ ಜನ ಆ ರೊಟ್ಟಿಗೆಂದು ಚೀಲ ಹಿಡಿದೇ ಪೂಜೆಗೆ ಬಂದಿದ್ದರು. ಗುಡ್ಡದ ಮೇಲೆ ಸಂತ ಬಾರ್ಬರಾಳ ಗುಡಿ ಗುಡಿಸುವ ಪೆರ್ಪೆತುವಾ ಅಜ್ಜಿ ಇಳಿದು ಬರಲಾರಳು ಎಂದು ಅಮ್ಮ ನನ್ನ ಕೈಲಿ ರೊಟ್ಟಿ ಕೊಟ್ಟು ಮೇಲಕ್ಕೆ ಕಳಿಸಿದಳು. ಅದಕ್ಕೇ ನಾನು ಬದುಕಿದ್ದೇನೆ. ಒಂಬತ್ತೂವರೆಗೆ ಭೂಮಿ ನಡುಗಿತು, ಚರ್ಚಿನ ಮಾಡು ಬಿತ್ತು, ಹದಿನಾಲ್ಕು ಜನ ಮೊಣಕಾಲೂರಿದ ಭಂಗಿಯಲ್ಲೇ ಸತ್ತರು. ಅಮ್ಮ ತಲೆತುಂಬ ಸುಣ್ಣದ ಧೂಳು ಹೊತ್ತು ಹೊರಗೆ ಬಂದಳು. ಬಿಟ್ಟು ಓಡಲು ಅಲ್ಲಿ ಪೂಜೆ ಎಲ್ಲಿತ್ತು?

ಆಮೇಲೆ ಸಮುದ್ರ ಹಿಂದೆ ಹೋಯಿತು. ದೋಣಿಗಳು ಕೆಸರಲ್ಲಿ ಒರಗಿದವು. ಹುಟ್ಟಿದಾಗಿನಿಂದ ಯಾರೂ ಕಾಣದ ನೆಲದ ಮೇಲೆ ಮೀನು ಒದ್ದಾಡುತ್ತಿದ್ದವು. ಆಗ ಅಮ್ಮ ಹೇಳಿದ್ದನ್ನು ಪಕ್ಕದಲ್ಲೇ ಇದ್ದ ಕುಂಟ ಬೆಂತೊ ಕೇಳಿಸಿಕೊಂಡ: "ಇವತ್ತು ಸಮುದ್ರಾನೂ ಇಲ್ಲ ಅಂತಿಲ್ಲ ನೋಡ್ರೋ. ಪೆರ್ಪೆತುವಾಗೆ ಬರೀ ರೊಟ್ಟಿ ಕಳಿಸಿದೀನಿ, ಎರಡು ಮೀನೂ ತರ್ತೀನಿ." ಹಬ್ಬದ ದಾನ ಎಂದುಕೊಂಡು ಮೂವತ್ತೊಂದು ಜನ ಚೀಲ ಹಿಡಿದು ಇಳಿದರು. ಬೇರೆ ಯಾವ ದಿನವಾಗಿದ್ದರೂ ಹೆದರಿ ಓಡುತ್ತಿದ್ದರೇನೋ. ಬೆಂತೊ ಕುಂಟನಾದ್ದರಿಂದ ಹಿಂದುಳಿದ, ಗಂಟೆಯ ಕಂಬ ತಬ್ಬಿ ಉಳಿದ.

ಮೇಲೆ ಪೆರ್ಪೆತುವಾ ನೂರೈವತ್ತು ಮಣಿಯ ಜಪಮಾಲೆ ಹಿಡಿದು, ಮಣಿಗೊಂದರಂತೆ ದೇವಮಾತೆಯ ಜಪ 'ನಮೋ ಮರಿಯ' ಗಟ್ಟಿಯಾಗಿ ಹೇಳುತ್ತಿದ್ದಳು. ಸಮುದ್ರ ಜಾರಿದಾಗ ಮೊದಲ ಮಣಿ. ಅಲೆ ಎದ್ದು ಬಂದಾಗ ಅವಳ ಹೆಬ್ಬೆರಳು ಎಂಬತ್ತನೆಯ ಮಣಿಯ ಮೇಲೆ ನಿಂತಿತು. ಆ ಮಣಿಗೆ ಅವಳು ಕೆಂಪು ದಾರ ಕಟ್ಟಿದ್ದಾಳೆ. ಈವರೆಗೆ ಬಿಚ್ಚಿಲ್ಲ.

ಎಂಬತ್ತು ನಮೋ ಮರಿಯ, ತಮ್ಮ. ಅಷ್ಟು ಹೊತ್ತು ಸಿಕ್ಕಿತ್ತು. ಪ್ರಶ್ನೆಯ ಹಾಳೆಯಲ್ಲಿ 'ಸಮುದ್ರ ಮೊದಲು ಏರಿತೋ ಇಳಿಯಿತೋ, ಎಷ್ಟು ಹೊತ್ತು' ಎಂದೇ ಕೇಳಿದ್ದಾರೆ. ನಮ್ಮ ಉತ್ತರ ಅದರಲ್ಲಿ ಸೇರಬೇಕು. ಸಮುದ್ರ ಹಿಂದೆ ಹೋದರೆ ಮೀನು ಹೆಕ್ಕಬೇಡಿ, ಗುಡ್ಡ ಹತ್ತಿ ಎಂದು ಪ್ರತಿ ಕಡಲೂರಿಗೂ ತಿಳಿಯಬೇಕು. ಅಮ್ಮ ಆಸೆಬುರುಕಿ ಎಂಬ ಸಾಲು ಅಳಿಯಬೇಕು. ಮರಳಿನ ಮೇಲೆ ಕಡ್ಡಿಯಿಂದ ನನಗೆ ಅಕ್ಷರ ಕಲಿಸಿದವನು ನೀನು. ಆ ಅಕ್ಷರದಲ್ಲೇ ಕೇಳುತ್ತಿದ್ದೇನೆ, ಏನು ಮಾಡುತ್ತೀ?

ನಿನ್ನ ಅಕ್ಕ,
ಕಿತೇರಿಯಾ

---

ಲಿಸ್ಬನ್, ಗುಡಾರದಿಂದ
ಮಾರ್ಚ್ 21, 1756

ಪ್ರೀತಿಯ ಅಕ್ಕ,

ಎರಡು ಸಲ ಬರೆದು ಹರಿದೆ. ಇದು ಮೂರನೆಯದು.

ಇಲ್ಲಿ ವಾರಕ್ಕೊಮ್ಮೆಯಾದರೂ ನೆಲ ಅಲುಗುತ್ತದೆ. ಸುಟ್ಟ ಬೀದಿಗಳಲ್ಲಿ ಇನ್ನೂ ವಾಸನೆ ಇದೆ. ಫ್ರೇ ಅನ್ಸೆಲ್ಮೊ ಬಾಯಿ ತೆರೆದರೆ ಹತ್ತು ಸಾವಿರ ಜನ ಉಸಿರು ಹಿಡಿಯುತ್ತಾರೆ. ದೊರೆಯ ಮಂತ್ರಿಯ ಕಡೆಯವರು ಭೂಮಿಯ ಹೊಟ್ಟೆಯಲ್ಲಿ ಬೆಂಕಿ, ಗಾಳಿ ಎಂದೇನೋ ಹೇಳಿಕೊಂಡು ತಿರುಗುತ್ತಾರೆ. ಅವರ ಮಾತು ಕೇಳಿ ಯಾವ ತಾಯಿಯೂ ಕಣ್ಣೊರೆಸಿಕೊಂಡದ್ದನ್ನು ನಾನು ಕಂಡಿಲ್ಲ.

ಗುರುಗಳು ಒಂದು ದೃಷ್ಟಾಂತ ಕೇಳಿದರು, ಕೊಟ್ಟೆ. ಹೆಸರು ಬರೆಯಲಿಲ್ಲ. ಅಳುತ್ತಲೇ ಬರೆದೆ. ನೀನು ಸಿಟ್ಟಾಗುತ್ತೀ ಎಂದು ಗೊತ್ತಿದ್ದೂ ಕೇಳುತ್ತೇನೆ: ಪಾಪವೂ ಇಲ್ಲ, ಶಿಕ್ಷೆಯೂ ಇಲ್ಲ, ಬರೀ ಗಾಳಿ ಬೆಂಕಿ ಎಂದರೆ ನಮ್ಮಮ್ಮ ಸುಮ್ಮನೆ ಸತ್ತಳೇ? ಯಾರೂ ನೋಡದೆ, ಯಾರ ಲಕ್ಷ್ಯವೂ ಇಲ್ಲದೆ? ಶಿಕ್ಷೆ ಎಂದರೆ ಶಿಕ್ಷಿಸುವವನು ಒಬ್ಬನಿದ್ದಾನೆ, ಅವನು ಅವಳನ್ನು ಕಂಡ ಎಂದಾದರೂ ಅರ್ಥ. ನನಗೆ ಅಷ್ಟಾದರೂ ಬೇಕು.

ಉತ್ತರದ ಹಾಳೆ ಪಾದ್ರಿಗಳ ಕೆಲಸ. ಅವರ ಮಾತು ಮೀರಬೇಡ. ನಿನಗಾಗಿ ಪ್ರಾರ್ಥಿಸುತ್ತೇನೆ.

ನಿನ್ನ ತಮ್ಮ,
ಸಿಲ್ವೇರಿಯೊ

---

ಆರೆಯಾಲ್ವಾ
ಏಪ್ರಿಲ್ 19, 1756

ಸಿಲ್ವೇರಿಯೊ,

ನಿನಗೆ ಕಾರಣ ಬೇಕು, ನಮ್ಮಮ್ಮನನ್ನೇ ಕಾರಣ ಮಾಡಿಕೊಂಡೆ. ಅನ್ಯಾಯ ಎಂದರೆ ಇದೇ. ಬಡವರು ಯಾಕೆ ಸತ್ತರು ಎಂದು ಹೇಳುವ ಕೆಲಸ ಹೊಟ್ಟೆ ತುಂಬಿದವರ ಕೈಗೆ ಹೋದರೆ, ಅವರ ಬೆರಳು ಬಡವರ ಕಡೆಗೇ ತಿರುಗುತ್ತದೆ. ಚರ್ಚು ಬಿತ್ತು, ಅದರ ಎದುರಿನ ಹೆಂಡದಂಗಡಿ ನಿಂತಿದೆ, ಒಂದು ಹೂಜಿ ಒಡೆದಿಲ್ಲ. ನಿನ್ನ ಗುರುವನ್ನು ಕೇಳು, ದೇವರಿಗೆ ಗುರಿ ತಪ್ಪಿತೇ?

ಈಗ ಕೆಲಸದ ಮಾತು. ನಿನ್ನೆ ನಾವು ನಡೆದು ನೋಡಿದೆವು.

ಉಪ್ಪಿನಂಗಳದ ಹದಿನೆಂಟು ಹೆಂಗಸರು ಸೇರಿದ್ದೆವು. ಅಮ್ಮ ನಿಂತಿದ್ದ ಜಾಗದಿಂದ, ಒದ್ದೆ ಮರಳಿನಿಂದ, ಗುಡ್ಡದ ಗುಡಿಯವರೆಗೆ ಎಷ್ಟು ನಮೋ ಮರಿಯ ಹಿಡಿಯುತ್ತದೆ ನೋಡೋಣ ಎಂದೆ. ಕೂಡಲೇ ಜಗಳ ಶುರುವಾಯಿತು.

"ಯಾರ ನಮೋ ಮರಿಯ ಕಣೇ?" ಎಂದಳು ಪೀಪಾಯಿ ಕಟ್ಟುವ ವಿಯೊಲಾಂತೆ. "ನಿಂದಾದ್ರೆ ಮೂರು ಹೇಳೋಷ್ಟರಲ್ಲಿ ಮೀನು ನಾರುತ್ತೆ. ನಮ್ಮತ್ತೇದಾದ್ರೆ ಒಂದುಸಿರಿಗೆ ಹತ್ತು, ದೇವಮಾತೆಗೂ ಏನೂ ಕೇಳ್ಸಿರಲ್ಲ."

"ನಿಮ್ಮತ್ತೆ ಬೈಯೋದೂ ಅದೇ ವೇಗದಲ್ಲೇ" ಎಂದೆ.

"ಅದಂತೂ ನಂಗೆ ಚೆನ್ನಾಗಿ ಕೇಳ್ಸುತ್ತೆ."

ಕೊನೆಗೆ ನಾನು ಗುಡ್ಡ ಹತ್ತಿ ಪೆರ್ಪೆತುವಾ ಅಜ್ಜಿಯನ್ನೇ ಕೇಳಿದೆ. "ಹೆದರಿ ಬೇಗ ಬೇಗ ಹೇಳಿದ್ಯಾ ಅಜ್ಜಿ, ನಿಜ ಹೇಳು." ಅವಳಿಗೆ ಸಿಟ್ಟು ಬಂತು. "ಏನೇ ಅಂತೀಯ? ಒಂದಕ್ಷರ ನುಂಗಿಲ್ಲ ನಾನು. ಸಾಯೋ ಹೊತ್ನಲ್ಲಿ ಯಾರಾದ್ರೂ ಕದೀತಾರಾ?" ಅವಳು ಹೇಳುವ ವೇಗವನ್ನು ಕೇಳಿ ಕೇಳಿ ಬಾಯಿಗೆ ಕೂರಿಸಿಕೊಂಡು ಇಳಿದೆ. ಎಲ್ಲರಿಗೂ ಕಲಿಸಿದೆ. ಈಗ ಹದಿನೆಂಟು ಬಾಯಿಗೂ ಒಂದೇ ಗಡಿಯಾರ.

ಬೆಂತೊನನ್ನು ಕುರ್ಚಿಯ ಮೇಲೆ ಕೂರಿಸಿ ಹೊತ್ತೆವು. ಅವನೇ ಬೇಕೆಂದು ಹಟ ಹಿಡಿದ. "ನಿಧಾನ ಕಣ್ರಮ್ಮ, ಸಮುದ್ರ ಇವತ್ತು ರಜಾದಲ್ಲಿದೆ" ಎನ್ನುತ್ತಿದ್ದ. ವಿಯೊಲಾಂತೆಯ ಅತ್ತೆ ಎರಡು ಕಡೆ ಕೂತಳು, ಕಾದೆವು. ಗುಡಿಯ ಮೆಟ್ಟಿಲು ಮುಟ್ಟಿದಾಗ ಐವತ್ತೆರಡು.

ಐವತ್ತೆರಡು. ಇಪ್ಪತ್ತೆಂಟು ಮಿಕ್ಕಿತ್ತು, ತಮ್ಮ. ಕುಂಟನನ್ನು ಹೊತ್ತು, ಮುದುಕಿಗಾಗಿ ಕಾದು, ಇಪ್ಪತ್ತೆಂಟು ಮಿಕ್ಕಿತ್ತು. ಅಮ್ಮನ ಕಾಲು ಗಟ್ಟಿಯಾಗಿದ್ದವು.

ಕುರ್ಚಿ ಇಳಿಸಿ ಮೆಟ್ಟಿಲ ಮೇಲೆ ಕೂತೆವು. ಆಮೇಲೆ ವಿಯೊಲಾಂತೆ ಎದ್ದು, "ಮತ್ತೊಂದ್ಸಲ ನಡಿಯೋಣ್ವಾ?" ಎಂದಳು. ಅವಳ ಗಂಡನೂ ಆ ಮೂವತ್ತೊಂದರಲ್ಲಿ ಒಬ್ಬ. ಮತ್ತೆ ಇಳಿದೆವು, ಮತ್ತೆ ಹತ್ತಿದೆವು. ಐವತ್ತೊಂದು.

ಕಿತೇರಿಯಾ

---

ಆರೆಯಾಲ್ವಾ
ಜೂನ್ 30, 1756

ಸಿಲ್ವೇರಿಯೊ,

ನಿನ್ನ ಉತ್ತರ ಬರಲಿಲ್ಲ. ಬರದಿದ್ದರೂ ಬರೆಯುತ್ತೇನೆ.

ದೊರೆಯ ಕಡೆಯ ಅಳತೆಯ ಅಧಿಕಾರಿಯೊಬ್ಬ ಕುದುರೆ ಮೇಲೆ ಬಂದ. ನೀಟಾದ ಮನುಷ್ಯ. ಭೂಮಿಯೊಳಗೆ ಗಂಧಕ ಹೊತ್ತಿಕೊಂಡು ಹೀಗಾಯಿತು ಎಂದು ನಮಗೆ ಪಾಠ ಹೇಳಿದ.

"ನೀವು ಕಂಡಿದ್ದೀರಾ ಸ್ವಾಮಿ, ಆ ಗಂಧಕಾನ?" ಎಂದೆ.

"ಕಾಣೋಕಾಗಲ್ಲಮ್ಮ. ತರ್ಕದಿಂದ ತಿಳ್ಕೋಬೇಕು."

"ನಮ್ಮ ಪಾದ್ರೀನೂ ಹಿಂಗೇ ಅಂತಾರೆ."

ಅವನು ನಕ್ಕುಬಿಟ್ಟ. ಒಳ್ಳೆಯವನೇ. ಆದರೆ ಜಪಮಣಿಯ ಮಾತು ತೆಗೆದಾಗ, "ಅದೆಲ್ಲ ಮೂಢನಂಬಿಕೆ, ಗಡಿಯಾರದ ನಿಮಿಷ ಹೇಳಿ" ಎಂದ. ನೆರಳು ನೋಡಿ ಹೊತ್ತು ಹೇಳುವ ಆರೆಯಾಲ್ವಾದಲ್ಲಿ ನಿಮಿಷ ತೋರಿಸುವ ಗಡಿಯಾರ ಎಲ್ಲಿದೆ? ಒಬ್ಬನಿಗೆ ನಮ್ಮಲ್ಲಿ ಭಕ್ತಿ ಸಾಲದು, ಇನ್ನೊಬ್ಬನಿಗೆ ಭಕ್ತಿ ಜಾಸ್ತಿ. ಇಬ್ಬರಿಗೂ ನಾವು ಕಂಡದ್ದು ಬೇಡ.

ಪಾದ್ರಿ ತೆಯೊತೋನಿಯೊ ಬಳಿ ಇಪ್ಪತ್ತು ಮಂದಿ ಹೋದೆವು. ಉತ್ತರದ ಹಾಳೆ ಕಳಿಸಿ ಆಯಿತು ಎಂದರು. ಏನು ಬರೆದಿರಿ ಎಂದು ಕೇಳಿದೆ.

"ಸಮುದ್ರವು ದೇವರ ಅಪ್ಪಣೆಯಂತೆ ನಡೆಯಿತು ಅಂತ ಬರ್ದೆ."

"ಎಷ್ಟು ಹೊತ್ತು ಅಂತ ಕೇಳಿದ್ರಲ್ಲ ಗುರುಗಳೇ."

"ದೇವರಿಗೆ ಬೇಕಾದಷ್ಟು ಹೊತ್ತು."

"ಎಂಬತ್ತು ನಮೋ ಮರಿಯದಷ್ಟು ಹೊತ್ತು" ಎಂದಳು ವಿಯೊಲಾಂತೆ. "ದೇವರಿಗೆ ಬೇಕಾಗಿದ್ದೂ ಅಷ್ಟೇ. ನಮಗೆ ಸಾಕಾಗಿದ್ದೂ ಅಷ್ಟೇ. ಹೇಳೋರು ಇರಲಿಲ್ಲ, ಅಷ್ಟೇ."

ಅವರ ಮುಖ ಕೆಂಪಾಯಿತು. ಕೆಟ್ಟವರಲ್ಲ ಅವರು. ಮಾಡಿನ ಕೆಳಗೆ ಸತ್ತವರಲ್ಲಿ ಅವರ ತಂಗಿಯೂ ಇದ್ದಳು, ಮರೆಯಬೇಡ. ಆಮೇಲೆ ಜೇಬಿನಿಂದ ನಿನ್ನ ಗುರುವಿನ ಓಲೆ ತೆಗೆದು ಓದಿದರು. ಬರುವ ನವೆಂಬರ್ ಒಂದಕ್ಕೆ, ಅದೇ ಹೊತ್ತಿಗೆ, ಭೂಮಿ ಇನ್ನೊಮ್ಮೆ ನಡುಗುತ್ತದಂತೆ. ತಪ್ಪಿಸಬೇಕಾದರೆ ಪ್ರತಿ ಕಡಲೂರಿನವರೂ ಬರಿಗಾಲಲ್ಲಿ, ಪೇದ್ರೊ ಸಂತನ ಪ್ರತಿಮೆ ಹೊತ್ತು, ಒದ್ದೆ ಮರಳಿಗೆ ಇಳಿದು ಮೊಣಕಾಲೂರಬೇಕಂತೆ.

ಒದ್ದೆ ಮರಳಿಗೆ. ಅಮ್ಮ ನಿಂತಿದ್ದಲ್ಲಿಗೆ. ಊರಿನಲ್ಲಿ ಉಳಿದಿರುವ ನೂರಾ ಹತ್ತು ಜನ.

ನಡುಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಿನ್ನ ಗುರುವಿಗೂ ಗೊತ್ತಿಲ್ಲ, ಆ ಕುದುರೆಯವನಿಗೂ ಗೊತ್ತಿಲ್ಲ. ನಡುಗಿದರೆ ಎಲ್ಲಿ ನಿಂತಿರಬೇಕು ಎಂಬುದು ಮಾತ್ರ ನನಗೆ ಗೊತ್ತು.

ಇದರ ಜೊತೆ ನಮ್ಮ ಹಾಳೆ ಇದೆ. ಪೆರ್ಪೆತುವಾ ಹೇಳಿದ್ದು, ಬೆಂತೊ ಹೇಳಿದ್ದು, ನಾವು ನಡೆದದ್ದು, ಐವತ್ತೆರಡು, ಐವತ್ತೊಂದು. ಕೆಳಗೆ ಹದಿನೆಂಟು ಹೆಬ್ಬೆಟ್ಟು. ಉಪ್ಪುನೀರಿನಿಂದ ಮಸಿ ಸ್ವಲ್ಪ ಕದಡಿದೆ, ಓದಲಾಗುತ್ತದೆ. ಮಂತ್ರಿಯ ಕಚೇರಿಗೆ ಕೊಡುವುದಾದರೆ ಕೊಡು. ಇಲ್ಲದಿದ್ದರೆ ವಾಪಸು ಕಳಿಸು, ನಾನೇ ನಡೆದು ಬಂದು ಕೊಡುತ್ತೇನೆ.

ಕಿತೇರಿಯಾ

---

ಲಿಸ್ಬನ್
ಆಗಸ್ಟ್ 29, 1756

ಅಕ್ಕ,

ಹಾಳೆ ನನ್ನ ಹತ್ತಿರ ಇದೆ. ಕಳಿಸಿಲ್ಲ, ಕೊಟ್ಟೂ ಇಲ್ಲ.

ಮೊನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ನೆಲ ಅಲುಗಿತು. ಎಲ್ಲರೂ ಮೊಣಕಾಲೂರಿದರು, ನಾನೂ ಊರಿದೆ. ನಮೋ ಮರಿಯ ಹೇಳತೊಡಗಿದೆ. ಆಮೇಲೆ ಗೊತ್ತಾಯಿತು, ನಾನು ಹೇಳುತ್ತಿರಲಿಲ್ಲ, ಎಣಿಸುತ್ತಿದ್ದೆ. ಎರಡೂವರೆ ನಮೋ ಮರಿಯಕ್ಕೆ ನೆಲ ನಿಂತಿತು. ನನಗೆ ನಾಚಿಕೆಯಾಯಿತು. ಆಶ್ಚರ್ಯವೆಂದರೆ, ಭಯ ಆಗಿರಲಿಲ್ಲ. ಹತ್ತು ತಿಂಗಳಲ್ಲಿ ಮೊದಲ ಸಲ.

ಗುರುಗಳನ್ನು ಕೇಳಿದೆ: "ಮರಳೇ ಯಾಕೆ ಗುರುಗಳೇ? ಗುಡ್ಡದ ಮೇಲೆ ಮೊಣಕಾಲೂರಿದರೆ ದೇವರಿಗೆ ಕಾಣಿಸದೇ?"

"ಗುಡ್ಡದ ಮೇಲೆ ನಿಂತವನಿಗೆ ಭಯ ಇರಲ್ಲ ಮಗು" ಎಂದರು, ತಾಳ್ಮೆಯಿಂದಲೇ. "ಭಯ ಇಲ್ಲದವನ ಪಶ್ಚಾತ್ತಾಪ ಯಾವ ಕೆಲಸಕ್ಕೆ?"

ಇನ್ನೊಂದು ಹೇಳಬೇಕು, ಇದಕ್ಕೇ ಇಷ್ಟು ದಿನ ಬರೆಯಲಿಲ್ಲ. ಎರಡು ಮೀನು ಪೆರ್ಪೆತುವಾಗೆ ಎಂದು, ಅಮ್ಮ ಸತ್ತದ್ದನ್ನು ತಿಳಿಸಿದ ಮೊದಲ ಪತ್ರದಲ್ಲೇ ನೀನು ಬರೆದಿದ್ದೆ. ನಾನು ಮರೆತಿರಲಿಲ್ಲ. ಗುರುಗಳಿಗೆ ಕೊಟ್ಟ ದೃಷ್ಟಾಂತದಲ್ಲಿ ಆ ಸಾಲನ್ನು ನಾನೇ ಬಿಟ್ಟೆ. ಅದು ಇದ್ದಿದ್ದರೆ ಪ್ರವಚನ ಕುಸಿದುಬೀಳುತ್ತಿತ್ತು.

ಸಿಲ್ವೇರಿಯೊ

---

ಆರೆಯಾಲ್ವಾ
ಸೆಪ್ಟೆಂಬರ್ 20, 1756

ಸಿಲ್ವೇರಿಯೊ,

ಆ ಸಾಲಿನ ಬಗ್ಗೆ ಈಗ ಏನೂ ಬರೆಯಲಾರೆ. ಎದುರಿಗೆ ಸಿಕ್ಕಾಗ ಹೇಳುತ್ತೇನೆ, ಅಥವಾ ಹೊಡೆಯುತ್ತೇನೆ.

ಹಾಳೆ ಕೊಡು.

ಕಿತೇರಿಯಾ

---

ಲಿಸ್ಬನ್
ಅಕ್ಟೋಬರ್ 10, 1756

ಅಕ್ಕ,

ಕೊಟ್ಟೆ.

ಸಾಲಿನಲ್ಲಿ ಎರಡು ದಿನ ನಿಂತೆ. ಮಂತ್ರಿಯ ಕಚೇರಿ ಎಂದರೆ ಹಲಗೆಯ ಗುಡಿಸಲು, ಒಳಗೆ ಶೀತ ಹಿಡಿದ ಒಬ್ಬ ಗುಮಾಸ್ತ. ಹಾಳೆ ನೋಡಿ ನಕ್ಕ. "ಏನ್ ಸನ್ಯಾಸಿಗಳೇ, ಮೊಳ, ಗೇಣು ಕೇಳಿದೀನಿ, ನಮೋ ಮರಿಯದಲ್ಲಿ ಸಮುದ್ರ ಅಳೆದಿದ್ದು ಇದೇ ಮೊದಲು. ನಿಮಿಷದಲ್ಲಿ ಎಷ್ಟಾಗುತ್ತೆ?"

"ನಿಮ್ಮ ಗಡಿಯಾರ ತೆಗೀರಿ" ಎಂದೆ. "ನಾನು ಹೇಳ್ತೀನಿ, ನೀವು ನೋಡಿ."

"ಎಂಬತ್ತೂನಾ?"

"ಎಂಬತ್ತೂ."

ಪೆರ್ಪೆತುವಾ ಹೇಳುವ ವೇಗ ನನಗೆ ಗೊತ್ತಿಲ್ಲ ಎಂದುಕೊಂಡಿದ್ದೆ. ಗೊತ್ತಿತ್ತು. ಅಮ್ಮನಿಗೆ ಜಪ ಕಲಿಸಿದವಳೇ ಅವಳಲ್ಲವೇ, ನಮಗೆ ಕಲಿಸಿದವಳು ಅಮ್ಮ. ಅಕ್ಷರ ನುಂಗದೆ ಹೇಳಿದೆ. ಇಪ್ಪತ್ತರ ಹೊತ್ತಿಗೆ ಗುಮಾಸ್ತ ನಗುವುದನ್ನು ಬಿಟ್ಟ. ಐವತ್ತೆರಡು ಬಂತು. ಇಲ್ಲಿಗೆ ಗುಡಿಯ ಮೆಟ್ಟಿಲು. ನಿಲ್ಲಿಸದೆ ಮುಂದುವರಿದೆ. ಅಲ್ಲಿಂದ ಮುಂದಿನ ಒಂದೊಂದೂ ಅಮ್ಮ ಬದುಕಬಹುದಾಗಿದ್ದ ಹೊತ್ತು. ಸಾಲಿನಲ್ಲಿದ್ದವರೆಲ್ಲ ಟೊಪ್ಪಿ ತೆಗೆದಿದ್ದರು, ನಾನು ಅಳೆಯುತ್ತಿದ್ದೇನೆ ಎಂದು ಅವರಿಗೆ ಯಾರು ಹೇಳಬೇಕು? ನನಗೂ ಆ ಹೊತ್ತಿನಲ್ಲಿ ಅದು ಅಳತೆಯೋ ಜಪವೋ ತಿಳಿಯಲಿಲ್ಲ.

"ಹದಿಮೂರು ನಿಮಿಷ" ಎಂದ ಗುಮಾಸ್ತ. ಮೂಗು ಒರೆಸಿಕೊಂಡು ಬರೆದುಕೊಂಡ: ಆರೆಯಾಲ್ವಾ, ಸಮುದ್ರ ಮೊದಲು ಇಳಿಯಿತು, ಹದಿಮೂರು ನಿಮಿಷದ ಮೇಲೆ ಏರಿತು, ಗುಡ್ಡಕ್ಕೆ ಒಂಬತ್ತು ನಿಮಿಷದ ದಾರಿ, ಓಡಿದ್ದರೆ ಎಲ್ಲರೂ ಉಳಿಯುತ್ತಿದ್ದರು. ಹದಿನೆಂಟು ಹೆಬ್ಬೆಟ್ಟಿನ ಹಾಳೆಯನ್ನೇ ಕಡತಕ್ಕೆ ಹೊಲಿದ. "ಇನ್ನೊಂದು ಸಾಲಿದೆ" ಎಂದೆ. "ಮೊದಲು ಇಳಿದವಳ ಹೆಸರು ಲಿಯೊಕಾದಿಯಾ. ಗುಡ್ಡದ ಮೇಲಿನ ಮುದುಕಿಗೆ ಎರಡು ಮೀನು ತರಲು ಇಳಿದಳು." ಇದು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲವಲ್ಲ ಎಂದ. ಅಲ್ಲ ಎಂದೆ. ಬರೆದುಕೊಂಡ.

ಆ ಸಂಜೆಯೇ ಗುರುಗಳಿಗೆ ಹೇಳಿದೆ. ಬೈಯಲಿಲ್ಲ. ಹೋಗು ಎಂದರು, ಬೆನ್ನು ತಿರುಗಿಸಿದರು. ಈಗ ನಾನು ಯಾರ ಬರಹಗಾರನೂ ಅಲ್ಲ. ಮಠಕ್ಕೆ ಹೇಳದೆ ಹೊರಟರೆ ಶಿಕ್ಷೆ ಇದೆ, ಹೊರಡುತ್ತೇನೆ. ಹಬ್ಬದ ದಿನ ಹೆದರಿದ ಜನ ಓಡಿಹೋಗದಂತೆ ಪಟ್ಟಣದ ಸುತ್ತ ಸಿಪಾಯಿಗಳನ್ನು ನಿಲ್ಲಿಸುತ್ತಾರಂತೆ, ಅದಕ್ಕೆ ಮೊದಲೇ ಹೇಸರಗತ್ತೆಯವರ ಜೊತೆ ದಾಟುತ್ತೇನೆ. ಮೂವತ್ತನೆಯ ತಾರೀಖಿನ ಹೊತ್ತಿಗೆ ಲಾಗೊಸ್‌ನ ಛತ್ರದಲ್ಲಿರುತ್ತೇನೆ. ಊರವರು ಎಲ್ಲಿ ನಿಲ್ಲುತ್ತಾರೆ, ನಾನು ಎಲ್ಲಿಗೆ ಬರಬೇಕು, ಅಲ್ಲಿಗೆ ತಿಳಿಸು. ಮರಳಿಗಾದರೆ ಮರಳಿಗೆ.

ಸಿಲ್ವೇರಿಯೊ

---

ಆರೆಯಾಲ್ವಾ
ಅಕ್ಟೋಬರ್ 28, 1756

ತಮ್ಮ,

ನಿನ್ನ ಪತ್ರವನ್ನು ಉಪ್ಪಿನಂಗಳದಲ್ಲಿ ಮೂರು ಸಲ ಓದಿಸಿದರು. ಹದಿಮೂರು ನಿಮಿಷ ಎಂದಾಗ ಪೆರ್ಪೆತುವಾ ಮೂಗು ಮುರಿದಳು. "ಅದೇನೋ ನಂಗ್ ಗೊತ್ತಿಲ್ಲ. ಎಂಬತ್ತು." ನಿನ್ನೆ ಅವಳೇ ಕೆಂಪು ದಾರ ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಬರ್ಕೊಂಡಾಯ್ತಲ್ಲ, ಇನ್ ನಾನ್ ಮುಂದಕ್ಕೆ ಹೋಗ್ತೀನಿ" ಎಂದಳು.

ಊರು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದ್ದೀಯ. ಕೇಳು, ಕೂತು ಬರೆಯಲೂ ಆಗುತ್ತಿಲ್ಲ ನನಗೆ. ಮೆರವಣಿಗೆ ಬೇಡ ಎಂದರೆ ಅರ್ಧ ಊರು ನಮ್ಮನ್ನು ಬಿಟ್ಟು ಮರಳಿಗೆ ಹೋಗುತ್ತಿತ್ತು. ಜನ ಹೆದರಿದ್ದಾರೆ, ಸಂತ ಬೇಕು ಅವರಿಗೆ. ನಮಗೂ ಬೇಕು. ಆಗ ವಿಯೊಲಾಂತೆ ಕೇಳಿದಳು, "ಅಲ್ಲ ಕಣ್ರೇ, ಸಂತನ್ನ ಹೊರೋರು ಯಾರು?"

ಎಂಟು ಜನ ಮೀನುಗಾರರು ಹೊರುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆ ಎಂಟರಲ್ಲಿ ಏಳು ಜನ ಮರಳಿನಲ್ಲೇ ಹೋದರು. ಅವರ ಜಾಗ ಅವರ ಮನೆಯವರಿಗೆ ಸಲ್ಲುತ್ತದೆ. ಅಂದರೆ ನಮಗೆ. ಪಾದ್ರಿಗಳ ಹತ್ತಿರ ಹೋಗಿ ನಾವೇ ಹೊರುತ್ತೇವೆ ಎಂದೆವು. ಹೆಂಗಸರು ಹೊತ್ತದ್ದು ಎಲ್ಲೂ ಇಲ್ಲ ಎಂದರು. ಹಾಗಾದರೆ ಗಂಡಸರನ್ನು ಸಮುದ್ರದಿಂದ ಕರೆಸಿ ಎಂದಳು ವಿಯೊಲಾಂತೆ. ಪಾದ್ರಿಗಳು ಎದ್ದು ಬಾಗಿಲು ಮುಚ್ಚಿದರು. ಆಮೇಲೆ, "ಹೊತ್ಕೊಂಡು ಎಲ್ಲಿಗೆ ಹೋಗ್ತೀರಿ?" ಎಂದು ಮೆಲ್ಲಗೆ ಕೇಳಿದರು.

"ಸಂತ ಹೋದಲ್ಲಿಗೆ ಊರು ಬರುತ್ತೆ ಗುರುಗಳೇ" ಎಂದೆ. "ನಾವು ಮೇಲಕ್ಕೆ ಹೋಗ್ತೀವಿ."

ನಾವು ಬಾಗಿಲಿಗೆ ಬಂದಾಗ ಅವರು ಹಿಂದಿನಿಂದ ಕರೆದು, "ನನ್ನ ಮೊಣಕಾಲು ನೋವು, ಎಂಬತ್ತು ಮಣಿಯಲ್ಲಿ ನಾನೂ ಹತ್ತಿಯೇನಾ?" ಎಂದರು. ಬೆಂತೊನ ಕುರ್ಚಿ ಇದೆ ಎಂದೆ.

ಅಂದರೆ ಹೀಗೆ. ಬಿದ್ದ ಚರ್ಚಿನ ಅಂಗಳದಿಂದ ಬರಿಗಾಲಲ್ಲಿ ಹೊರಟು, ಒದ್ದೆ ಮರಳಿನ ಅಂಚಿನವರೆಗೆ ಇಳಿಯುತ್ತೇವೆ. ಅಲ್ಲಿ ಮೂವತ್ತೊಂದು ಹೆಸರುಗಳನ್ನು ಕೂಗಿ ಹೇಳುತ್ತೇವೆ, ಅಮ್ಮನದು ಮೊದಲು. ಕೂಡಲೇ ಪ್ರತಿಮೆ ತಿರುಗಿಸಿ ಗುಡ್ಡ ಹತ್ತುತ್ತೇವೆ, ಊರೆಲ್ಲ ಒಂದೇ ಬಾಯಲ್ಲಿ ಎಣಿಸಿಕೊಂಡು. ಭೂಮಿ ನಡುಗಲಿ, ಬಿಡಲಿ. ನಡುಗಬೇಕಾದ ಹೊತ್ತಿಗೆ ನೂರಾ ಹತ್ತು ಜನವೂ ಮೇಲಿರುತ್ತೇವೆ. ಆಮೇಲೆ ಪ್ರತಿ ವರ್ಷ ಹೀಗೇ ನಡೆಯುತ್ತೇವೆ. ಮೊಮ್ಮಕ್ಕಳಿಗೆ ದಾರಿ ಕಾಲಲ್ಲೇ ಉಳಿಯಬೇಕು.

ಎಂಟು ಹೆಗಲಿಗೆ ಏಳು ಸಿಕ್ಕಿವೆ. ಎಡಗಡೆ ಮುಂದಿನದು ಖಾಲಿ ಇದೆ, ಅದು ಅಪ್ಪ ಬದುಕಿದ್ದಾಗ ಹೊರುತ್ತಿದ್ದ ಜಾಗ. ಹೊಡೆಯುವುದನ್ನು ಮೇಲೆ ತಲುಪಿದ ಮೇಲೆ ಹೊಡೆಯುತ್ತೇನೆ. ಚೀಲ ತಾ, ಪೆರ್ಪೆತುವಾಗೆ ರೊಟ್ಟಿ ಕೊಡಬೇಕು. ಮೀನು ನನ್ನ ಹತ್ತಿರ ಇದೆ, ಎರಡು.

ನಿನ್ನ ಅಕ್ಕ,
ಕಿತೇರಿಯಾ

ನಾವು ಮರಳಂಚಿಗೆ ಮೊದಲೇ ಬಂದು ತಿರುಗಿರಬೇಕು, ಅದಕ್ಕೆ ಅಂಗಳದಿಂದ ಹೊರಡುವುದು ಬೇಗ. ತಡಮಾಡಬೇಡ: ನವೆಂಬರ್ ಒಂದು, ಸೋಮವಾರ, ಬೆಳಗ್ಗೆ ಎಂಟೂವರೆ.